ಮೇಜಿನಡಿಯ ಸ್ವಿಚ್ಚಣ್ಣ

ನಮ್ಮ ಬಸ್ ಡಿಪೋದ ಕಂಪ್ಯೂಟರ್ ಕೋಣೆಯಲ್ಲಿ ಎರಡು ಕುರ್ಚಿಗಳಿವೆ. ಕಿಟಕಿಯ ಪಕ್ಕದ್ದು ನನ್ನದು, ನಾನು ಟೈಪಿಸ್ಟು. ಗೋಡೆಯ ಪಕ್ಕದ್ದು ಸ್ವಿಚ್ಚಣ್ಣನದು. ಇಪ್ಪತ್ತೆರಡು ವರ್ಷ ಅವನ ಜೊತೆ ಕೂತು ನನ್ನ ಅರ್ಧ ತಲೆ ಬೆಳ್ಳಗಾಗಿದೆ. ಉಳಿದರ್ಧ ವಯಸ್ಸಿಗೆ ಆದದ್ದು, ಅದಕ್ಕೆ ಅವನನ್ನು ದೂರುವುದಿಲ್ಲ.

ತಂದೆತಾಯಿ ಇಟ್ಟ ಹೆಸರೊಂದು ಅವನಿಗಿದೆ. ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಅದನ್ನು ಕಂಡವರಿಲ್ಲ. ಡ್ರೈವರುಗಳು ಸ್ವಿಚ್ಚಣ್ಣ ಎಂದರು, ಕಂಡಕ್ಟರುಗಳು ಸ್ವಿಚ್ಚಣ್ಣ ಎಂದರು, ಕೊನೆಗೆ ಅವನ ಹೆಂಡತಿಯೂ ಫೋನ್ ಮಾಡಿ "ಸ್ವಿಚ್ಚಣ್ಣ ಇದ್ದಾರಾ" ಎಂದು ಕೇಳತೊಡಗಿದಳು.

ಹೆಸರು ಬಂದದ್ದು ಹೀಗೆ. ಅವನು ಮೊದಲು ಪಾರ್ಸೆಲ್ ಕೌಂಟರಿನಲ್ಲಿ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದ್ದ. ಆಗಿದ್ದ ಕಂಪ್ಯೂಟರ್ ಗುಮಾಸ್ತ ದೊಡ್ಡ ಓದು ಓದಿದವನು. ಒಮ್ಮೆ ಯಂತ್ರ ಕೈಕೊಟ್ಟಿತು, ಗುಮಾಸ್ತ ಎರಡು ದಿನ ಪುಸ್ತಕ ತಿರುವುತ್ತ ಕೂತ. ಪೆಟ್ಟಿಗೆ ಇಳಿಸಲು ಬಂದ ನಮ್ಮವನು ಒಂದು ನಿಮಿಷ ನೋಡಿದ, ತಾಳ್ಮೆ ಕೆಟ್ಟಿತು, ಹೋಗಿ ಪ್ಲಗ್ ಕಿತ್ತು ಮತ್ತೆ ಹಾಕಿದ. ಯಂತ್ರ ಎದ್ದು ಕೂತಿತು. ಬಾಗಿಲಲ್ಲಿ ಡಿಪೋ ಮ್ಯಾನೇಜರ್ ನಿಂತಿದ್ದರು. ಮುಂದಿನ ತಿಂಗಳು ಗುಮಾಸ್ತ ಬೇರೆ ಕಡೆ ಹೋದ, ಸ್ವಿಚ್ಚಣ್ಣ ಅವನ ಕುರ್ಚಿಗೆ ಬಂದ.

ಅಂದಿನಿಂದ ಇಂದಿನವರೆಗೆ ಅವನ ಮದ್ದು ಒಂದೇ. ಪ್ರಿಂಟರ್ ಕೆಟ್ಟರೆ ಆರಿಸಿ ಹಾಕುತ್ತಾನೆ. ಫ್ಯಾನ್ ಕಿರುಗುಟ್ಟಿದರೆ ಆರಿಸಿ ಹಾಕುತ್ತಾನೆ. ಒಂದು ಸಲ ನಿಲ್ಲದೆ ಕೂಗುತ್ತಿದ್ದ ಬಸ್ಸಿನ ಹಾರ್ನನ್ನೂ ಬ್ಯಾಟರಿ ತಂತಿ ಕಿತ್ತು ಹಾಕಿ ಸುಮ್ಮನಾಗಿಸಿದ. ಹತ್ತರಲ್ಲಿ ಏಳು ಸಲ ಸರಿಹೋಗುತ್ತದೆ ಎನ್ನುವುದೇ ನನ್ನ ದುಃಖ. ಒಂದು ಸಲವಾದರೂ ಸರಿಯಾಗಿ ಕೈ ಸುಟ್ಟಿದ್ದರೆ ಬುದ್ಧಿ ಬರುತ್ತಿತ್ತು.

ಓದಲಿಲ್ಲ ಎಂದು ಸುಳ್ಳು ಹೇಳಬಾರದು. ದಪ್ಪ ದಪ್ಪ ಕಂಪ್ಯೂಟರ್ ಪುಸ್ತಕಗಳನ್ನು ಸ್ವಂತ ಆಸಕ್ತಿಯಿಂದ ಓದಿದ್ದಾನೆ. ಪ್ರತಿ ಅಧ್ಯಾಯದ ಮೊದಲ ಎರಡು ಪುಟ. ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಅವನಿಗೆ ಕೈ ತುರಿಸಲು ಶುರುವಾಗಿ, ಕಲಿತಷ್ಟನ್ನು ಮಾಡಿ ನೋಡಲು ಎದ್ದುಬಿಡುತ್ತಾನೆ.

ಮನೆಯಲ್ಲೂ ಇದೇ ಕಥೆಯಂತೆ. ಕುಕ್ಕರ್ ಮುಚ್ಚಳಕ್ಕೆ ಅವನ ಕೈ ತಾಗದಂತೆ ಹೆಂಡತಿ ಒಲೆಯ ಮುಂದೆ ಕಾವಲು ನಿಲ್ಲುತ್ತಾಳೆ. ಬಿಸಿ ಕಾಫಿ ಆರುವ ತನಕ ಕಾದದ್ದಿಲ್ಲ, ಆದ್ದರಿಂದ ಅವನ ನಾಲಿಗೆಗೆ ಕಾಫಿಯ ರುಚಿ ಗೊತ್ತಿಲ್ಲ. "ಇವರಿಗೆ ಇಷ್ಟು ವರ್ಷದಲ್ಲಿ ಒಂದ್ಸಲಾನೂ ಜ್ವರ ಬಂದಿಲ್ಲ ಅಕ್ಕ," ಎಂದು ಅವಳೇ ನನಗೆ ಹೇಳಿದ್ದಳು. "ಥರ್ಮಾಮೀಟರ್ ಏರೋ ತನಕ ಬಾಯಲ್ಲಿ ಇಟ್ಕೊಂಡಿದ್ರೆ ತಾನೇ ಗೊತ್ತಾಗೋದು."

ಇಂಥ ಮನುಷ್ಯ ಒಂದು ವಿಷಯದಲ್ಲಿ ಮಾತ್ರ ಬೇರೆಯೇ ಆಗಿಬಿಡುತ್ತಾನೆ. ಅದನ್ನು ಹೇಳದಿದ್ದರೆ ಅವನಿಗೆ ಅನ್ಯಾಯ ಮಾಡಿದ ಹಾಗೆ.

ನಮ್ಮ ಡಿಪೋದಲ್ಲಿ ಡ್ರೈವರ್, ಕಂಡಕ್ಟರ್ ಸೇರಿ ಮುನ್ನೂರು ಜನ. ಯಾರು ಯಾವ ಬಸ್ಸು, ಯಾವ ದಾರಿ, ಯಾವ ಪಾಳಿ ಎಂದು ವಾರಕ್ಕೊಂದು ಡ್ಯೂಟಿ ಚಾರ್ಟ್ ತೆಗೆಯಬೇಕು. ಅದನ್ನು ತೆಗೆಯುವುದು ಬಹಳ ಹಳೆಯ ಒಂದು ಪ್ರೋಗ್ರಾಮು. ಆ ಪ್ರೋಗ್ರಾಮಿನ ಕೊನೆಯಲ್ಲಿ 'ಷರಾ' ಎಂಬ ಒಂದು ಕಾಲಮ್ಮಿದೆ. ಅಲ್ಲಿ ಏನು ಬರೆದು ಗುರುತು ಹಾಕಿದರೂ ಚಾರ್ಟ್ ಅದಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುತ್ತದೆ. ಇಪ್ಪತ್ತೆರಡು ವರ್ಷದಿಂದ ಸ್ವಿಚ್ಚಣ್ಣ ಆ ಕಾಲಮ್ಮನ್ನು ತುಂಬಿಸುತ್ತ ಬಂದಿದ್ದಾನೆ. ನಾನು ಕೆಲವನ್ನು ಕಂಠಪಾಠ ಮಾಡಿದ್ದೇನೆ:

"ಡ್ರೈವರ್ 31. ತಾಯಿಗೆ ಕಣ್ಣು ಕಾಣಿಸದು. ಬೆಳಗಿನ ಮೊದಲ ಬಸ್ಸು ಬೇಡ."

"ಡ್ರೈವರ್ 7, ಕಂಡಕ್ಟರ್ 40. ಭಾವ, ಭಾವಮೈದುನ. ಮಾತಿಲ್ಲ. ಒಂದೇ ಬಸ್ಸಿಗೆ ಹಾಕಬಾರದು."

"ಕಂಡಕ್ಟರ್ 12. ಮಗು ಹಾಲು ಬಿಡುವ ತನಕ ದೂರದ ದಾರಿ ಬೇಡ." ಆ ಮಗು ಈಗ ಎಂಟನೇ ತರಗತಿ. ತಾಯಿ ಬಂದು ಹೇಳಿಲ್ಲ, ಇವನು ತೆಗೆದಿಲ್ಲ.

"ಡ್ರೈವರ್ 19. ಒಂಬತ್ತನೇ ನಂಬರ್ ದಾರಿಯಲ್ಲಿ ಮಾವನ ಮನೆ. ಆ ದಾರಿ ಬೇಡ ಎಂದರು. ಕಾರಣ ಕೇಳಲಿಲ್ಲ."

ಯಾರಾದರೂ ಬಾಗಿಲಲ್ಲಿ ನಿಂತು "ಸ್ವಿಚ್ಚಣ್ಣ, ಒಂದು ಮಾತಿತ್ತು" ಎಂದರೆ ಸಾಕು, ಕುರ್ಚಿ ತಿರುಗಿಸಿ ಕೂರುತ್ತಾನೆ. ಎದುರಿನವರು ಊರ ಸುದ್ದಿಯೆಲ್ಲ ಸುತ್ತಿ ತಮ್ಮ ಕಷ್ಟಕ್ಕೆ ಬರಲು ಒಂದು ಗಂಟೆ ತೆಗೆದುಕೊಂಡರೂ ನಡುವೆ ಬಾಯಿ ಹಾಕುವುದಿಲ್ಲ. ಕಾಫಿ ಆರುವ ತನಕ ಕಾಯಲಾರದವನು ಆಗ ಅಷ್ಟು ಹೊತ್ತು ಹೇಗೆ ಕೂರುತ್ತಾನೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹೀಗಿರುವಾಗ ಹೆಡ್ಡಾಫೀಸಿನಿಂದ ಒಂದು ಹೊಸ ಯಂತ್ರವೂ ಒಂದು ಕಾಗದವೂ ಬಂದವು. ಕಾಗದದಲ್ಲಿ ಹೀಗಿತ್ತು: ಹಳೇ ಕಂಪ್ಯೂಟರಿನ ಕಾಲ ಮುಗಿಯಿತು, ಚಾರ್ಟಿನ ಪ್ರೋಗ್ರಾಮನ್ನು ಹೊಸ ಯಂತ್ರಕ್ಕೆ ದಾಟಿಸಿ. ಶುಕ್ರವಾರ ನಮ್ಮ ಎಂಜಿನಿಯರ್ ಬಂದು ನೋಡುತ್ತಾರೆ. ನಡೆಯುತ್ತಿದ್ದರೆ ಇರಲಿ. ನಡೆಯದಿದ್ದರೆ ಮುಂದಿನ ತಿಂಗಳಿಂದ ಎಲ್ಲ ಡಿಪೋಗಳ ಚಾರ್ಟ್ ಹೆಡ್ಡಾಫೀಸಿನ ಪ್ರೋಗ್ರಾಮಿನಿಂದಲೇ ಬರುತ್ತದೆ, ಕಂಪ್ಯೂಟರ್ ನೋಡಿಕೊಳ್ಳುವವರನ್ನು ಟೈರ್ ಸ್ಟೋರಿಗೆ ಹಾಕಲಾಗುತ್ತದೆ.

ಕಾಗದವನ್ನು ನಾನೇ ಓದಿ ಹೇಳಿದೆ. ಸ್ವಿಚ್ಚಣ್ಣ ಕೇಳಿದ್ದು ಒಂದೇ ಮಾತು.

"ಹೆಡ್ಡಾಫೀಸಿನ ಪ್ರೋಗ್ರಾಮಲ್ಲಿ ಷರಾ ಉಂಟಾ ಅಕ್ಕ?"

ಫೋನ್ ಮಾಡಿ ವಿಚಾರಿಸಿದೆ. ಇರಲಿಲ್ಲ.

"ಹಾಗಾದ್ರೆ ನಮ್ದೇ ನಡೀಬೇಕು," ಎಂದ. ಟೈರ್ ಸ್ಟೋರಿನ ಮಾತು ಎತ್ತಲೇ ಇಲ್ಲ.

ಇಲ್ಲಿ ಒಂದಿಷ್ಟು ಯಂತ್ರದ ವಿಷಯ ಹೇಳಬೇಕು. ಹೆದರಬೇಡಿ, ನನಗೆ ತಿಳಿದಷ್ಟೇ ಹೇಳುತ್ತೇನೆ, ಅದು ಬಹಳ ಇಲ್ಲ. ಹೊಸ ಯಂತ್ರ ಓಡುವುದು ಲಿನಕ್ಸ್ ಎಂಬ ಬೇರೊಂದು ವ್ಯವಸ್ಥೆಯಲ್ಲಿ. ಹಳೇ ಪ್ರೋಗ್ರಾಮಿಗೆ ಆ ನೀರು ಒಗ್ಗುವುದಿಲ್ಲ. ಆದ್ದರಿಂದ ಹಳೇ ಕಂಪ್ಯೂಟರನ್ನೇ ಇಡಿಯಾಗಿ ಹೊಸದರ ಹೊಟ್ಟೆಯೊಳಗೆ ಇಳಿಸಬೇಕು. ಇದಕ್ಕೆ ವರ್ಚುವಲ್ ಮೆಷಿನ್ ಎನ್ನುತ್ತಾರೆ. ನಾವು 'ಒಳಗಿನವನು' ಎಂದೆವು. ಒಳಗಿನವನು ತಾನೊಂದು ನಿಜವಾದ ಕಂಪ್ಯೂಟರ್ ಎಂದೇ ತಿಳಿದಿರುತ್ತಾನೆ, ಪಾಪ. ಅವನಿಗೆ ಡಿಪೋದ ನೆಟ್‌ವರ್ಕಿನಲ್ಲಿ ತನ್ನದೇ ವಿಳಾಸ ಬೇಕು, ಹೊರಗಿನ ಮೊಗಸಾಲೆಯಲ್ಲಿರುವ ಪ್ರಿಂಟರಿಗೆ ದಾರಿ ಬೇಕು. ಆದರೆ ಹೊಸ ಯಂತ್ರಕ್ಕೆ ಹೊರಗಿನಿಂದ ಬರುವ ತಂತಿ ಒಂದೇ. ಒಂದೇ ಬಾಗಿಲಿನ ಮನೆಯಲ್ಲಿ ಬಾಡಿಗೆಗೆ ಬಂದವರ ಪಾಡು. ಆ ಒಂದು ತಂತಿಯನ್ನೇ ಇಬ್ಬರಿಗೂ ಹಂಚಲು ಯಂತ್ರದೊಳಗೆ ಒಂದು ಬ್ರಿಡ್ಜ್ ಕಟ್ಟಬೇಕು. ಇಟ್ಟಿಗೆ ಸಿಮೆಂಟು ಬೇಡ, ನಾಲ್ಕು ಸಾಲು ಟೈಪ್ ಮಾಡಿದರೆ ಆಯಿತು.

ಸೋಮವಾರ ಸ್ವಿಚ್ಚಣ್ಣ ಬ್ರಿಡ್ಜ್ ಕಟ್ಟಲು ಹೊರಟ. ಮ್ಯಾನೇಜರ್ ರಜೆಯಲ್ಲಿದ್ದರು. ಅವರ ಕೋಣೆ ಮಹಡಿಯ ಮೇಲೆ, ಅಲ್ಲಿನ ಕುರ್ಚಿಗೆ ಮೆತ್ತೆ ಇದೆ. ಅಲ್ಲಿಂದಲೇ ನೆಟ್‌ವರ್ಕಿನ ಮೂಲಕ ಕೆಳಗಿನ ಹೊಸ ಯಂತ್ರಕ್ಕೆ ಆಜ್ಞೆ ಕೊಡುತ್ತೇನೆ ಎಂದು ಹೋದ. ತಂತಿಯನ್ನು ಬ್ರಿಡ್ಜಿಗೆ ಜೋಡಿಸುವ ಸಾಲನ್ನು ಹೊಡೆದ. ಹೊಡೆದ ತಕ್ಷಣ ಹೊಸ ಯಂತ್ರ ನೆಟ್‌ವರ್ಕಿನಿಂದ ಮಾಯವಾಯಿತು. ತಂತಿಯನ್ನು ಬ್ರಿಡ್ಜಿಗೆ ಕೊಟ್ಟ ಮೇಲೆ ಯಂತ್ರದ ವಿಳಾಸವನ್ನೂ ತಂತಿಯಿಂದ ತೆಗೆದು ಬ್ರಿಡ್ಜಿಗೆ ಕೊಡಬೇಕಂತೆ. ಅದು ಮೂರನೇ ಪುಟದಲ್ಲಿತ್ತು.

ಇಪ್ಪತ್ನಾಲ್ಕು ಮೆಟ್ಟಿಲು ಇಳಿದು ಓಡಿ ಬಂದ, ಯಂತ್ರ ಆರಿಸಿ ಹಾಕಿದ, ಮತ್ತೆ ಮೇಲೆ ಓಡಿದ. ಮತ್ತೆ ಅದೇ ಸಾಲು ಹೊಡೆದ. ಮತ್ತೆ ಮಾಯ. ಮತ್ತೆ ಇಳಿದ. ಮೂರನೇ ಸಲ ಬಂದಾಗ ಬಾಗಿಲಲ್ಲಿ ನಿಂತು ಉಸಿರು ಬಿಡುತ್ತಿದ್ದ.

"ಇಲ್ಲೇ ಕೂತು ಮಾಡೋಕೆ ಏನು ತೊಂದರೆ?" ಎಂದೆ.

"ಇಲ್ಲಿ ಮೆತ್ತೆ ಇಲ್ಲ," ಎಂದ.

ಕೊನೆಗೆ ಕೆಳಗೇ ಕೂತು, ಮೂರನೇ ಪುಟ ತೆರೆದು, ವಿಳಾಸವನ್ನು ಬ್ರಿಡ್ಜಿಗೆ ವರ್ಗಾಯಿಸಿದ. ಹೊರಗಿನವನು ಸರಿಹೋದ. ಈಗ ಒಳಗಿನವನನ್ನು ಎಬ್ಬಿಸಬೇಕು. ಎಬ್ಬಿಸಿದ. ಪರದೆಯ ಮೇಲೆ ಹಳೇ ಕಂಪ್ಯೂಟರಿನ ಹಳೇ ಮುಖ ಬಂತು, ನನಗೂ ಖುಷಿಯಾಯಿತು. ಆದರೆ ಮೂಲೆಯಲ್ಲಿ ಒಂದು ಕೆಂಪು ಗುರುತು: ನೆಟ್‌ವರ್ಕ್ ಇಲ್ಲ. ವಿಳಾಸ ಕೊಡಿ ಎಂದು ಒಳಗಿನವನು ಕೂಗುತ್ತಿದ್ದಾನೆ, ಹೊರಗೆ ಯಾರಿಗೂ ಕೇಳಿಸುತ್ತಿಲ್ಲ.

ಸ್ವಿಚ್ಚಣ್ಣ ಅವನನ್ನು ಆರಿಸಿ ಹಾಕಿದ. ಕೆಂಪು. ಮತ್ತೆ ಆರಿಸಿ ಹಾಕಿದ. ಕೆಂಪು.

"ಸ್ವಲ್ಪ ಹೊತ್ತು ಬಿಟ್ಟು ನೋಡೋ," ಎಂದೆ.

"ಬಿಟ್ಟೆನಲ್ಲ."

"ಎಷ್ಟು ಹೊತ್ತು ಬಿಟ್ಟೆ?"

"ತುಂಬಾ ಹೊತ್ತು," ಎಂದು ಮತ್ತೆ ಒತ್ತಿದ. ನಾನು ಗೋಡೆಯ ಗಡಿಯಾರ ನೋಡಿಕೊಂಡೆ. ಹದಿನೈದು ಸೆಕೆಂಡು ಆಗಿತ್ತು. ಆಗ ಅದರ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ, ಅದು ನನ್ನ ತಪ್ಪು.

ಆ ದಿನ ಅವನು ಮಾಡದೇ ಬಿಟ್ಟದ್ದು ಯಾವುದೂ ಇಲ್ಲ. ತಂತಿ ಬದಲಿಸಿದ. ಗೋಡೆಯ ಇನ್ನೊಂದು ತೂತಿಗೆ ಚುಚ್ಚಲು ಹೋಗಿ ಪಾರ್ಸೆಲ್ ಕೌಂಟರಿನ ನೆಟ್‌ವರ್ಕ್ ಕಿತ್ತ, ಅವರು ಬಂದು ಬೈದು ಹೋದರು. ಕಾವಲಿಗಿದ್ದ ಫೈರ್‌ವಾಲನ್ನು ಮಲಗಿಸಿ ನೋಡಿದ, ಮತ್ತೆ ಎಬ್ಬಿಸಿದ. ಒಂದೊಂದು ಪ್ರಯತ್ನದ ಮಧ್ಯೆ ಒಳಗಿನವನಿಗೆ ಒಂದೊಂದು ಆರಿಸಿ ಹಾಕುವಿಕೆ. ಟೈಪ್ ಮಾಡಲು ಏನೂ ಇಲ್ಲದೆ ನಾನು ಪೆನ್ಸಿಲಿನಲ್ಲಿ ಗೀಟು ಹಾಕಿದೆ. ಸಂಜೆಗೆ ನಲವತ್ತೊಂದು ಗೀಟಾಗಿದ್ದವು.

ಮಂಗಳವಾರ ಬೆಳಿಗ್ಗೆ ನಲವತ್ತೆರಡನೇ ಸಲ ಒತ್ತಿ, ತಂತಿಯ ದೀಪ ಮಿನುಗುತ್ತದೋ ನೋಡುತ್ತೇನೆಂದು ಮೇಜಿನ ಕೆಳಗೆ ತೂರಿದ. ನನಗೆ ಕಂಡದ್ದು ಅವನ ಎರಡು ಪಾದ, ಒಂದು ಕಾಲುಚೀಲದಲ್ಲಿ ತೂತು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಒಂದು ನರಳಾಟ ಕೇಳಿತು.

"ಅಕ್ಕ, ಸೊಂಟ ಹಿಡ್ಕೊಂತು."

"ಹೊರಗೆ ಬಾ."

"ಬರೋಕಾದ್ರೆ ಯಾಕೆ ಹೇಳ್ತಿದ್ದೆ? ಅಲ್ಲಾಡೋಕೇ ಆಗ್ತಿಲ್ಲ. ನೀನೇ ಒಂದ್ಸಲ ಒಳಗಿನವನನ್ನ ಆರಿಸಿ ಹಾಕು."

"ನಿನ್ನ ಸೊಂಟ ನೋಡ್ಕೊಳ್ಳೋ ಮೊದಲು," ಎಂದು ಬೈದು ವರ್ಕ್‌ಶಾಪಿಗೆ ಓಡಲು ಎದ್ದೆ. ಬಾಗಿಲು ದಾಟಿರಲಿಲ್ಲ, ಮೊಗಸಾಲೆಯ ಪ್ರಿಂಟರ್ ಕೆಮ್ಮಿತು. ಕೆಮ್ಮಿ ಒಂದು ಹಾಳೆ ಉಗುಳಿತು. ಆಮೇಲೆ ಇನ್ನೊಂದು. ನಾನು ಹೋಗಿ ಎತ್ತಿ ನೋಡಿದೆ. ಡ್ಯೂಟಿ ಚಾರ್ಟು. ಹಳೇ ಕಂಪ್ಯೂಟರನ್ನು ಮುಚ್ಚುವ ದಿನ ಅರ್ಧಕ್ಕೆ ನಿಂತಿದ್ದದ್ದು, ಷರಾ ಸಮೇತ ಬರುತ್ತಿತ್ತು.

"ಸ್ವಿಚ್ಚಣ್ಣ, ಬಂತು ಕಣೋ. ಏನು ಮಾಡಿದೆ?"

"ನಾನು ಏನೂ ಮಾಡ್ಲಿಲ್ಲ ಅಕ್ಕ. ಸುಮ್ನೆ ಬಿದ್ದಿದ್ದೀನಿ."

ಸತ್ಯ ಅಷ್ಟೇ ಇತ್ತು. ಅಲ್ಲಿಗೇ ಬಿಟ್ಟಿದ್ದರೆ ಇಬ್ಬರೂ ಮರ್ಯಾದೆಯಿಂದ ಉಳಿಯುತ್ತಿದ್ದೆವು. ಆದರೆ ಅವನು ಕೆಳಗಿನಿಂದಲೇ ಯೋಚಿಸಲು ಶುರು ಮಾಡಿದ. "ನನ್ನ ಎಡಭುಜ ತಂತಿ ಮೇಲಿದೆ," ಎಂದ. "ಭಾರಕ್ಕೆ ಎಲ್ಲೋ ಸರಿಯಾಗಿ ಕೂತ್ಕೊಂಡಿದೆ. ತಂತಿಯೊಳಗೇ ದೋಷ."

ಹೆಡ್ ಮೆಕ್ಯಾನಿಕ್ ಬಂದರು. ನೂರು ಕಿಲೋ ಆಳು, ಮಾತು ಕಡಿಮೆ. ಬಸ್ಸಿನ ಅಡಿ ಮಲಗಿ ಜಾರಲು ಅವರ ಹತ್ತಿರ ನಾಲ್ಕು ಚಕ್ರದ ಒಂದು ಹಲಗೆ ಇರುತ್ತದೆ. ಅದನ್ನು ತಳ್ಳಿಕೊಂಡು ಬಂದು, ಸ್ವಿಚ್ಚಣ್ಣನನ್ನು ಅದರ ಮೇಲೆ ಉರುಳಿಸಿ, ಡಬ್ಬಿಯಿಂದ ಬಿಸ್ಕತ್ತು ತೆಗೆದ ಹಾಗೆ ಹೊರಗೆ ಎಳೆದರು. ಬೆನ್ನಿಗೆ ಒಂದು ಗುದ್ದು ಕೊಟ್ಟರು. ಲಟಕ್ಕೆಂದು ಸೊಂಟ ಸರಿಹೋಯಿತು.

ಎದ್ದವನು ಮಾಡಿದ ಮೊದಲ ಕೆಲಸ ಏನೆಂದು ಕೇಳಬೇಕೇ? ಒಳಗಿನವನನ್ನು ಆರಿಸಿ ಹಾಕಿದ, ಪರೀಕ್ಷೆಗೆ. ಕೆಂಪು. ಹತ್ತು ಸೆಕೆಂಡು ನೋಡಿ ಮತ್ತೆ ಒತ್ತಿದ. ಕೆಂಪು.

"ನೋಡಿದ್ಯಾ," ಎಂದು ನನ್ನ ಕಡೆ ತಿರುಗಿದ. "ಎದ್ದೆ, ಹೋಯ್ತು."

ಹಲಗೆಯ ಮೇಲೆ ಮಲಗಿ ಮತ್ತೆ ಕೆಳಗೆ ಜಾರಿದ, ಭುಜವನ್ನು ತಂತಿಯ ಮೇಲಿಟ್ಟ, ನನಗೆ ಒಂದು ಸಲ ಒತ್ತಲು ಹೇಳಿದ. ಒತ್ತಿ ಕೂತೆ. ನನಗೇನು ಅವಸರವಿಲ್ಲ, ಒಂದು ಲಕೋಟೆಗೆ ವಿಳಾಸ ಬರೆದು ಮುಗಿಸಿದೆ. ತಲೆಯೆತ್ತಿದರೆ ಕೆಂಪು ಗುರುತು ಹೋಗಿತ್ತು.

ಭಾರವೇ ಕಾರಣವಾದರೆ ಯಾರ ಭಾರವಾದರೂ ಆಗಬೇಕಲ್ಲ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ. ಹೆಡ್ ಮೆಕ್ಯಾನಿಕ್ ಮಲಗಿದರು. ಸ್ವಿಚ್ಚಣ್ಣ ಕುರ್ಚಿಯಲ್ಲಿ ಕೂತು ಒತ್ತಿದ, ಕಣ್ಣಲ್ಲಿ ಕಣ್ಣಿಟ್ಟು ಹನ್ನೆರಡು ಸೆಕೆಂಡು ನೋಡಿದ, ಆಗಲಿಲ್ಲ ಎಂದು ಮತ್ತೆ ಒತ್ತಿದ. ಬಸ್ಸಿನ ಹಳೇ ಬ್ಯಾಟರಿ ತಂದು ತಂತಿಯ ಮೇಲಿಟ್ಟರು. ಸ್ವಿಚ್ಚಣ್ಣ ಕುರ್ಚಿಯಲ್ಲಿ, ಹನ್ನೆರಡು ಸೆಕೆಂಡು, ಆಗಲಿಲ್ಲ. ನನ್ನನ್ನೂ ಮಲಗು ಎಂದ. ನಾನು ಒಪ್ಪಲಿಲ್ಲ, ಸೇವಾ ಹಿರಿತನ ಎಂಬುದೊಂದಿದೆ. ಅವನು ಮಲಗಿದಾಗ ಮಾತ್ರ ಪ್ರಿಂಟರ್ ಓಡುತ್ತಿತ್ತು.

"ಎಲ್ಲರ ಮೈಯೂ ಆಗಲ್ಲ," ಎಂದು ಹೆಡ್ ಮೆಕ್ಯಾನಿಕ್ ತೀರ್ಪು ಕೊಟ್ಟರು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನೂ ನಂಬಿದೆ. ಕಣ್ಣಾರೆ ನೋಡಿದ ಮೇಲೆ ಹೇಗೆ ನಂಬದಿರಲಿ?

ಅಂದಿನಿಂದ ನಮ್ಮ ಕೋಣೆಯ ದಿನಚರಿ ಬದಲಾಯಿತು. ಸಂಜೆ ಹೋಗುವಾಗ ಎಲ್ಲ ಯಂತ್ರ ಆರಿಸಬೇಕೆಂಬುದು ಡಿಪೋದ ನಿಯಮ. ಬೆಳಿಗ್ಗೆ ಸ್ವಿಚ್ಚಣ್ಣ ಬಂದು ಚಪ್ಪಲಿ ಬಿಟ್ಟು ಹಲಗೆಯ ಮೇಲೆ ಮಲಗಿ ಒಳಗೆ ಜಾರುತ್ತಿದ್ದ, ನಾನು ಸ್ವಿಚ್ ಒತ್ತುತ್ತಿದ್ದೆ. ಆಮೇಲೆ ಎದ್ದು ನೋಡುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಎದ್ದರೆ ಹೋಗಿಬಿಟ್ಟರೆ? ಇಡೀ ದಿನ ಅಲ್ಲೇ ಇರುತ್ತಿದ್ದ. ವರ್ಕ್‌ಶಾಪಿನವರು ಬಸ್ಸಿನ ಸೀಟಿನ ಹಳೇ ಮೆತ್ತೆ ತಂದುಕೊಟ್ಟರು. ಊಟದ ಡಬ್ಬಿಯನ್ನು ನಾನು ಕಾಲಿನಿಂದ ತಳ್ಳುತ್ತಿದ್ದೆ, ಖಾಲಿಯಾಗಿ ವಾಪಸ್ ಬರುತ್ತಿತ್ತು.

ಡ್ರೈವರುಗಳು ಬಂದರೆ ಪಾದಗಳ ಎದುರು ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಕಷ್ಟ ಹೇಳುತ್ತಿದ್ದರು. ಕೆಳಗಿನಿಂದ "ಹ್ಞೂಂ", "ಹ್ಞೂಂ" ಎಂದು ಕೇಳುತ್ತಿತ್ತು. ಮುಖ ಕಾಣಿಸದೆ ಇದ್ದದ್ದಕ್ಕೋ ಏನೋ, ಜನ ಮೊದಲಿಗಿಂತ ಹೆಚ್ಚು ಹೇಳಿಕೊಂಡರು. ಹೊಸ ಷರಾಗಳನ್ನು ಅವನು ಕೆಳಗಿನಿಂದ ಹೇಳಿದ, ನಾನು ಮೇಲೆ ಹೊಡೆದೆ.

ಗುರುವಾರ ಅವನ ಹೆಂಡತಿಯ ಫೋನ್ ಬಂತು.

"ಅಕ್ಕ, ಮನೇಲಿ ಒಂದು ಗಳಿಗೆ ಮಲಗಿ ಅಂದ್ರೆ ಮಲಗಲ್ಲ. ಆಫೀಸಲ್ಲಿ ದಿನವೆಲ್ಲಾ ಮಲಗಿರ್ತಾರಂತೆ, ನಿಜವಾ?"

"ಯಂತ್ರಕ್ಕೆ ಬೇಕಂತೆ ಕಣಮ್ಮ."

"ಹಾಗಾದ್ರೆ ಮನೆಗೂ ಅಂಥದ್ದೊಂದು ಯಂತ್ರ ಕಳಿಸಿ," ಎಂದು ಫೋನ್ ಇಟ್ಟಳು.

ಶುಕ್ರವಾರ ಹನ್ನೊಂದು ಗಂಟೆಗೆ ಹೆಡ್ಡಾಫೀಸಿನ ಎಂಜಿನಿಯರ್ ಮೇಡಂ ಬಂದರು. ಐವತ್ತರ ಹತ್ತಿರದವರು, ದಪ್ಪ ಗಾಜಿನ ಕನ್ನಡಕ. ಎಷ್ಟು ನಿಧಾನವೆಂದರೆ, ನಮಸ್ಕಾರ ಎಂದು ಹೇಳಿ ಮುಗಿಸುವ ಮೊದಲು ಅವರಿಗೆ ಕುರ್ಚಿ ಒರೆಸಿ ಹಾಕಿ ಮುಗಿದಿತ್ತು. ಮೇಜಿನ ಕೆಳಗಿನ ಪಾದಗಳನ್ನು ನೋಡುತ್ತ ನಿಂತರು.

"ಇವರು ಯಾರು?"

"ಕಂಪ್ಯೂಟರ್ ನೋಡ್ಕೊಳ್ಳೋರು ಮೇಡಂ."

"ಯಾಕೆ ಮಲಗಿದ್ದಾರೆ?"

"ನೆಟ್‌ವರ್ಕಿಗೆ," ಎಂದೆ. ಬೇರೆ ಹೇಗೆ ಹೇಳಲಿ?

ಅವರು ನಗಲಿಲ್ಲ. ಕೂತು ಇಡೀ ಕಥೆಯನ್ನು ಕೇಳಿದರು. ಬ್ಯಾಟರಿ ಇಟ್ಟದ್ದು, ಹೆಡ್ ಮೆಕ್ಯಾನಿಕ್ ಮಲಗಿದ್ದು ಎಲ್ಲವನ್ನೂ ಸ್ವಿಚ್ಚಣ್ಣ ಕೆಳಗಿನಿಂದಲೇ ಹೆಮ್ಮೆಯಿಂದ ವಿವರಿಸಿದ. ಮಾತಿನ ಮಧ್ಯೆ ಅವರು ಪ್ರಿಂಟಾದ ಚಾರ್ಟನ್ನು ಎತ್ತಿಕೊಂಡು ಷರಾಗಳನ್ನು ಓದುತ್ತಿದ್ದರು. ಭಾವ ಭಾವಮೈದುನರ ಹತ್ತಿರ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ಓದಿದರು.

"ಇದನ್ನೆಲ್ಲ ಬರೆಯೋರು ಯಾರು?"

"ಇವರೇ," ಎಂದು ಪಾದಗಳನ್ನು ತೋರಿಸಿದೆ.

"ಒಂದ್ಸಲ ಆರಿಸಿ ಹಾಕಿ, ನೋಡೋಣ."

ನಾನು ಒತ್ತಿದೆ. ಅವರು ಕೈಗಡಿಯಾರ ನೋಡುತ್ತ ಕೂತರು. ಕೆಂಪು ಗುರುತು ಹೋಗಿ ಪ್ರಿಂಟರ್ ಕೆಮ್ಮಿತು. "ಈಗ ನೀವು ಎದ್ದು ಹೊರಗೆ ಬನ್ನಿ," ಎಂದರು.

"ಎದ್ರೆ ಹೋಗುತ್ತೆ ಮೇಡಂ."

"ಹೋಗ್ಲಿ. ಹೋದ್ರೆ ನನ್ನ ಲೆಕ್ಕಕ್ಕೆ."

ಹಲಗೆ ಕಿರ್ರೆಂದು ಹೊರಬಂತು. ಸ್ವಿಚ್ಚಣ್ಣ ಕಣ್ಣು ಮುಚ್ಚಿಕೊಂಡೇ ಎದ್ದು ನಿಂತ. ಏನೂ ಹೋಗಲಿಲ್ಲ. ಪ್ರಿಂಟರ್ ತನ್ನ ಪಾಡಿಗೆ ಹಾಳೆ ಉಗುಳುತ್ತಲೇ ಇತ್ತು. ಮೂರು ದಿನ ಮೇಜಿನಡಿ ಅನ್ನ ತಿಂದವನ ಮುಖ ನೋಡಬೇಕಿತ್ತು, ಇಂಗು ತಿಂದ ಮಂಗನ ಹಾಗಾಗಿತ್ತು. ನನ್ನದೂ ಹಾಗೇ ಆಗಿದ್ದಿರಬೇಕು, ಕನ್ನಡಿ ಇರಲಿಲ್ಲ.

"ಈಗ ಕುರ್ಚೀಲಿ ಕೂತ್ಕೊಳ್ಳಿ. ನೀವೇ ಆರಿಸಿ ಹಾಕಿ. ಹಾಕಿದ ಮೇಲೆ ಎರಡೂ ಕೈ ತೊಡೆ ಕೆಳಗೆ ಇಟ್ಕೊಳ್ಳಿ. ನಾನು ಹೇಳೋ ತನಕ ತೆಗೀಬಾರದು."

ಒತ್ತಿ ಕೈಗಳ ಮೇಲೆ ಕೂತ. ಐದು ಸೆಕೆಂಡಿಗೆ ಕಾಲು ಕುಣಿಸಲು ಶುರುಮಾಡಿದ. ಹತ್ತಕ್ಕೆ ಕೆಳತುಟಿ ಕಚ್ಚಿದ. ಹದಿನೈದಕ್ಕೆ "ಆಗ್ಲಿಲ್ಲ ಮೇಡಂ" ಎಂದ. "ಕೂತ್ಕೊಳ್ಳಿ," ಎಂದರು. ಇಪ್ಪತ್ತಕ್ಕೆ ಹಣೆ ಬೆವರಿತು. ಇಪ್ಪತ್ತೈದಕ್ಕೆ, ಬಿಡಿಸು ಅಕ್ಕ ಎನ್ನುವ ಹಾಗೆ ನನ್ನ ಕಡೆ ನೋಡಿದ. ಮೂವತ್ತು ದಾಟಿ ಎರಡು ಸೆಕೆಂಡಾಗಿತ್ತು, ಕೆಂಪು ಗುರುತು ಹೋಯಿತು.



"ಬ್ರಿಡ್ಜಿಗೆ ಒಂದು ಅಭ್ಯಾಸ ಇದೆ," ಎಂದು ಮೇಡಂ ಬಿಡಿಸಿ ಹೇಳಿದರು. "ಹೊಸಬರು ಯಾರಾದ್ರೂ ಬಂದು ಸೇರ್ಕೊಂಡ್ರೆ ತಕ್ಷಣ ದಾರಿ ಬಿಡಲ್ಲ. ಹದಿನೈದು ಸೆಕೆಂಡು ಸುಮ್ನೆ ಕೇಳಿಸ್ಕೊಳ್ಳುತ್ತೆ. ಆಮೇಲೆ ಹದಿನೈದು ಸೆಕೆಂಡು ಯಾರ್ಯಾರು ಎಲ್ಲೆಲ್ಲಿದ್ದಾರೆ ಅಂತ ಕಲ್ತ್ಕೊಳ್ಳುತ್ತೆ. ದಾರಿ ಸುತ್ತಿಕೊಂಡು ಒಂದಕ್ಕೊಂದು ಗಂಟು ಬೀಳಬಾರದಲ್ಲ, ಅದಕ್ಕೆ. ನೀವು ಆರಿಸಿ ಹಾಕಿದಾಗಲೆಲ್ಲ ಒಳಗಿನವನು ಹೊಸಬನಾಗಿ ಬರ್ತಾನೆ, ಎಣಿಕೆ ಮೊದಲಿಂದ ಶುರು. ನೀವು ಮಲಗಿದಾಗ ನಡೀತಿದ್ದದ್ದು ಯಾಕೆ ಅಂದ್ರೆ, ಮಲಗಿದಾಗ ನಿಮ್ಮ ಕೈ ಸ್ವಿಚ್ಚಿಗೆ ಎಟುಕ್ತಿರಲಿಲ್ಲ."

ಸ್ವಿಚ್ಚಣ್ಣ ತನ್ನ ಕೈಗಳನ್ನು ನೋಡಿಕೊಂಡ. ನಾನು ಕಿಟಕಿಯ ಹೊರಗೆ ನೋಡಿದೆ. ಹೆಡ್ ಮೆಕ್ಯಾನಿಕ್ ವರ್ಕ್‌ಶಾಪಿನಲ್ಲಿದ್ದದ್ದು ಅವರ ಪುಣ್ಯ.

"ನಿಮ್ಮ ಹಾಗೆ ಒಂದೇ ತಂತಿ ಇರೋ ಕಡೆ ಗಂಟು ಬೀಳೋ ಭಯ ಇಲ್ಲ," ಎಂದು ಮೇಡಂ ಮುಂದುವರಿಸಿದರು. "ಈ ಕಾಯೋದನ್ನ ಸೊನ್ನೆ ಮಾಡಬಹುದು. ಒಂದೇ ಸಾಲು." ಒಂದು ಚೀಟಿಯಲ್ಲಿ ಆ ಸಾಲನ್ನು ಬರೆದು ಕೊಟ್ಟರು. "ಆದ್ರೆ ಅದನ್ನ ಹೊಡಿಯೋ ಮುಂಚೆ ನಿಮಗೊಂದು ವಿಷಯ ಹೇಳಬೇಕು. ಅದೇನಂದ್ರೆ..."

ಸ್ವಿಚ್ಚಣ್ಣ ಹೊಡೆದು ಮುಗಿಸಿದ್ದ. ಒಳಗಿನವನನ್ನು ಆರಿಸಿ ಹಾಕಿಯೂ ಆಗಿತ್ತು. ಈ ಸಲ ಹಳೇ ಮುಖ ಪರದೆಗೆ ಬರುವಾಗಲೇ ಕೆಂಪು ಗುರುತು ಇರಲಿಲ್ಲ.

"ಏನು ವಿಷಯ ಮೇಡಂ?" ಎಂದು ಹಲ್ಲು ಕಿರಿದ.

"ಏನಿಲ್ಲ. ಆಯ್ತಲ್ಲ," ಎಂದರು. ಒಂದು ನಿಟ್ಟುಸಿರು ಬಿಟ್ಟು ಚೀಲದಿಂದ ತಪಾಸಣೆಯ ನಮೂನೆ ತೆಗೆದು ಅವನ ಮುಂದಿಟ್ಟರು. "ಇದನ್ನ ತುಂಬಿ ಕೊಡಿ."

ಅವನು ನಿಂತುಕೊಂಡೇ ತುಂಬಿದ. ಯಂತ್ರ: ಒಂದು. ತಂತಿ: ಒಂದು. ಪ್ರಿಂಟರ್: ಒಂದು. ಹಳೇ ಪ್ರೋಗ್ರಾಮು ನಡೆಯುತ್ತಿದೆಯೇ: ಹೌದು. ಕೊನೆಯ ಸಾಲು, ನಡೆಸಲು ಬೇಕಾದ ಸಿಬ್ಬಂದಿ. ಅಲ್ಲಿ ದೊಡ್ಡ ಅಕ್ಷರದಲ್ಲಿ "ಯಾರೂ ಬೇಡ" ಎಂದು ಬರೆದ.

"ಇನ್ಮೇಲೆ ತಾನೇ ಓಡುತ್ತೆ ಅಕ್ಕ. ಯಾರೂ ಮಲಗೋದು ಬೇಡ, ಕೂರೋದೂ ಬೇಡ," ಎಂದು ನಮೂನೆಯನ್ನು ನನ್ನ ಮೇಜಿಗೆ ಎಸೆದು, ಡ್ರೈವರುಗಳಿಗೆ ಸುದ್ದಿ ಹೇಳಲು ಹೊರಗೆ ಓಡಿದ. ಷರಾ ಉಳಿಯಿತು ಎಂದು ಕೂಗುತ್ತ ಹೋದದ್ದು ಬಸ್ಸುಗಳ ಸದ್ದಿನ ಮೇಲೂ ಕೇಳಿತು.

ಮೇಡಂ ಬಹಳ ಹೊತ್ತು ಆ ಕೊನೆಯ ಸಾಲನ್ನು ನೋಡಿದರು.

"ನಾನು ಹೇಳಬೇಕು ಅಂದ್ಕೊಂಡಿದ್ದು ಇದನ್ನೇ," ಎಂದರು. "ಕಾದು ಕೂರೋ ಕೆಲಸವೂ ಇಲ್ಲದೆ ತಾನೇ ನಡಿಯೋ ಯಂತ್ರಕ್ಕೆ ಹೆಡ್ಡಾಫೀಸು ಆಳು ಕೊಡಲ್ಲ. ಇದು ಹೀಗೇ ಹೋದ್ರೆ ಸೋಮವಾರ ಅವರು ಟೈರ್ ಸ್ಟೋರಲ್ಲಿರ್ತಾರೆ. ಚಾರ್ಟ್ ಬರ್ತಾ ಇರುತ್ತೆ. ಹೊಸ ಷರಾ ಬರೆಯೋಕೆ ಯಾರೂ ಇರಲ್ಲ."

"ನೀವು ತಿದ್ದಬಹುದಲ್ಲ ಮೇಡಂ?"

"ಸಿಬ್ಬಂದಿ ಬರೆದು ಕೊಟ್ಟದ್ದನ್ನ ನಾನು ತಿದ್ದೋ ಹಾಗಿಲ್ಲ. ಅವರನ್ನೇ ಕರೆದು ತಿದ್ದಿ ಅಂದ್ರೆ, ತನಗೋಸ್ಕರ ಸುಳ್ಳು ಬರೆಯಲ್ಲ ಅಂತಾರೆ ಅನ್ಸುತ್ತೆ. ಅಲ್ವಾ?"

ಹೌದು, ಹಾಗೇ ಅನ್ನುತ್ತಿದ್ದ. ಆ ಕತ್ತೆಯನ್ನು ನಾನು ಇಪ್ಪತ್ತೆರಡು ವರ್ಷದಿಂದ ಬಲ್ಲೆ. ನನಗೆ ಸಿಟ್ಟು ನೆತ್ತಿಗೇರಿತ್ತು, ಅಳುವೂ ಬರುವ ಹಾಗಿತ್ತು. ಎದುರಿನ ಕುರ್ಚಿ ಖಾಲಿಯಾದ ಕೋಣೆಯನ್ನು ಒಂದು ಕ್ಷಣ ಕಣ್ಣ ಮುಂದೆ ತಂದುಕೊಂಡೆ. ಎಷ್ಟು ನೆಮ್ಮದಿಯಾಗಿರುತ್ತದೆ ಎನಿಸಬೇಕಿತ್ತು. ಎನಿಸಲಿಲ್ಲ.

"ನಮೂನೆ ಟೈಪಾಗಿ ಮೂರು ಪ್ರತಿ ಬೇಕು," ಎಂದರು ಮೇಡಂ. ಕನ್ನಡಕ ತೆಗೆದು, ಬೆನ್ನು ತಿರುಗಿಸಿ, ಕಿಟಕಿಯ ಬೆಳಕಿನಲ್ಲಿ ಅದನ್ನು ಒರೆಸತೊಡಗಿದರು. ಅಷ್ಟು ಚೊಕ್ಕಟವಾಗಿದ್ದ ಗಾಜನ್ನು ಅಷ್ಟು ಹೊತ್ತು ಒರೆಸಿದವರನ್ನು ನಾನು ನೋಡಿಲ್ಲ.

ಕೈಬರಹದಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೊಡೆಯುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಲ್ಲಿ ಒಂದು ಅಕ್ಷರ ಆಚೀಚೆ ಮಾಡಿದವಳಲ್ಲ, ಅದರ ಬಗ್ಗೆ ನನಗೆ ಸ್ವಲ್ಪ ಜಂಭವೂ ಇದೆ. ಯಂತ್ರ ಒಂದು, ತಂತಿ ಒಂದು, ಪ್ರಿಂಟರ್ ಒಂದು ಎಂದು ಹೊಡೆದೆ. ಕೊನೆಯ ಸಾಲಿಗೆ ಬಂದು, ಬೆರಳು ಮಡಚಿ ಬಿಡಿಸಿ, ಹೀಗೆ ಹೊಡೆದೆ: "ನಡೆಸಲು ಬೇಕಾದ ಸಿಬ್ಬಂದಿ: ಒಬ್ಬರು. ಡ್ರೈವರ್, ಕಂಡಕ್ಟರುಗಳು ಹೇಳುವುದನ್ನು ಕೂತು ಕೇಳಿಸಿಕೊಂಡು ಷರಾ ಬರೆಯಲು."

ಮೂರು ಪ್ರತಿಯಲ್ಲೂ ಹಾಗೇ.

ಸ್ವಿಚ್ಚಣ್ಣ ವಾಪಸ್ ಬಂದ. ಎದುರಿಗಿಟ್ಟ ಮೂರು ಹಾಳೆಗೂ ಓದದೆ ಪಟಪಟನೆ ಸಹಿ ಹಾಕಿ, ಹೆಡ್ ಮೆಕ್ಯಾನಿಕ್‌ಗೆ ಹಲಗೆ ವಾಪಸ್ ಕೊಡಬೇಕೆಂದು ಮತ್ತೆ ಓಡಿದ. ಮೇಡಂ ಮಾತ್ರ ಒಂದೊಂದು ಹಾಳೆಯನ್ನೂ ಮೇಲಿಂದ ಕೆಳಗೆ ಓದಿದರು. ಕೊನೆಯ ಸಾಲಿನ ಹತ್ತಿರ ನಿಂತರು.

"ಟೈಪಿಂಗ್ ಚೆನ್ನಾಗಿದೆ," ಎಂದು ಸಹಿ ಹಾಕಿದರು.

ಇದಾಗಿ ಎಂಟು ತಿಂಗಳಾಯಿತು. ಸ್ವಿಚ್ಚಣ್ಣ ಗೋಡೆಯ ಪಕ್ಕದ ಕುರ್ಚಿಯಲ್ಲೇ ಇದ್ದಾನೆ. ಹೊಸದಾಗಿ ಬಂದ ಡ್ರೈವರ್ ಯಾರಾದರೂ ಎದುರಿಗೆ ಕೂತರೆ ಮೊದಲು ಅವರ ಕಷ್ಟ ಕೇಳುತ್ತಾನೆ. ಕೇಳಿ ಮುಗಿದ ಮೇಲೆ ತನ್ನ ಕಥೆ ಹೇಳುತ್ತಾನೆ. "ಯಾರೂ ಬೇಡ ಅಂತ ನಾನೇ ಕೈಯಾರೆ ಬರೆದು ಕೊಟ್ಟೆ ಕಣಪ್ಪ. ಆದ್ರೂ ಹೆಡ್ಡಾಫೀಸಿನವರು ನನ್ನನ್ನ ಬಿಡಲಿಲ್ಲ. ಅಷ್ಟು ಅಭಿಮಾನ ಅವರಿಗೆ. ಬೇಕಾದ್ರೆ ಅಕ್ಕನ್ನ ಕೇಳು."

ಅವರು ನನ್ನ ಕಡೆ ನೋಡುತ್ತಾರೆ. ಹೌದು ಎಂದು ತಲೆಯಾಡಿಸಿ ನಾನು ನನ್ನ ಟೈಪಿಂಗ್ ಮುಂದುವರಿಸುತ್ತೇನೆ.